ನೀರು ಕುಡಿದರೆ ಸಾಲದು, ಅದು ಮಾಂಸಖಂಡದೊಳಗೆ ನಿಲ್ಲಬೇಕು: ಅರವತ್ತು ದಾಟಿದ, ತೂಕ ಜಾಸ್ತಿ ಇರುವ ಅಪ್ಪ-ಅಮ್ಮನಿಗಾಗಿ

ಹೋದ ವರ್ಷ ಕೊನೆ ಕೊಯ್ಲಿನ ಹೊತ್ತಿಗೆ ಅಮ್ಮ ಅಡಿಕೆ ಸುಲಿಯಲು ಕೂತವಳು ಎದ್ದೇಳಲು ಆಗದೆ ಹೋದಳು. ಬಿದ್ದಿದ್ದಲ್ಲ. ನೋವು ಅಂತಲೂ ಹೇಳಲಿಲ್ಲ. ಮೆಟ್ಟುಗತ್ತಿ ಪಕ್ಕಕ್ಕೆ ಸರಿಸಿದಳು, ಎಡಗೈ ನೆಲಕ್ಕೆ ಊರಿ ಬಲಗೈಯಲ್ಲಿ ಕಂಬ ಹಿಡಿದು ಮೈ ಎತ್ತಿದಳು, ಅರ್ಧಕ್ಕೆ ಬಂದು ಮತ್ತೆ ಕೂತುಬಿಟ್ಟಳು. ಎರಡನೇ ಸಲವೂ ಹಾಗೇ. ಮೂರನೇ ಸಲ ನಾನು ಹೋಗಿ ಕಂಕುಳಿಗೆ ಕೈ ಕೊಟ್ಟೆ. ಅವಳ ತೊಡೆ ನಡುಗುತ್ತಿತ್ತು, ಸೀರೆ ಮೇಲಿಂದಲೇ ಗೊತ್ತಾಗುವಷ್ಟು.

ಅದೇ ಮಳೆಗಾಲದಲ್ಲಿ ಅಮ್ಮ ಆರು ಕೆಜಿ ಇಳಿದಿದ್ದಳು. 82 ಇದ್ದದ್ದು 76 ಆಗಿತ್ತು. ಮಂಡಿ ನೋವಿಗೆ ತೂಕ ಇಳಿಸಿ ಅಂದಿದ್ದರು, ಇಳಿಸಿದಳು. ಬೆಳಗ್ಗೆ ಒಂದು ಲೋಟ ಗಂಜಿ, ಮಧ್ಯಾಹ್ನ ಸ್ವಲ್ಪ ಅನ್ನ ಸಾರು, ರಾತ್ರಿ ಎರಡು ಬಿಸ್ಕತ್ತು ಮತ್ತು ಹಾಲು. ಬಂದವರೆಲ್ಲ "ಚೆನ್ನಾಗಿ ಸಣ್ಣ ಆಗಿದೀರಿ" ಅಂದರು, ನಾವೂ ಖುಷಿಪಟ್ಟೆವು. ಇಳಿದದ್ದು ಬರೀ ಬೊಜ್ಜಲ್ಲ, ಕಾಲಿನ ಮಾಂಸವೂ ಅಂತ ಗೊತ್ತಾಗಿದ್ದು ಆ ಕಂಬದ ಹತ್ತಿರ. ಊಟ ಮಾತ್ರ ಕಡಿಮೆ ಮಾಡಿ ತೂಕ ಇಳಿಸಿದರೆ, ಹೋದ ತೂಕದಲ್ಲಿ ಸುಮಾರು ಕಾಲು ಭಾಗ ಸ್ನಾಯುವಿನಂಥ ಗಟ್ಟಿ ಭಾಗದಿಂದಲೇ ಹೋಗಬಹುದು. ಇಪ್ಪತ್ತೈದರ ಹುಡುಗಿಗೆ ಅದು ಮತ್ತೆ ಬರುತ್ತದೆ. 68ರ ಅಮ್ಮನಿಗೆ ಸುಲಭಕ್ಕೆ ಬರುವುದಿಲ್ಲ.

ಆಮೇಲೆ ಒಂದು ವರ್ಷ ನಾವು ಏನು ಮಾಡಿದೆವು, ಯಾಕೆ ಮಾಡಿದೆವು ಅಂತ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥವರು ಇದ್ದರೆ, ತೂಕದ ಮೆಷಿನ್ ಹತ್ತಿಸುವ ಮೊದಲು ಇದನ್ನು ಓದಿ.

ಮಾಂಸಖಂಡದಲ್ಲಿ ನೀರಿನ ಕೆಲಸ ಏನು?

ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರೇ. ಕೊಬ್ಬಿನಲ್ಲಿ ಅಷ್ಟಿಲ್ಲ, ನೂರಕ್ಕೆ ಹತ್ತರಿಂದ ಇಪ್ಪತ್ತು. ಹಾಗಾಗಿ ಬೊಜ್ಜು ಜಾಸ್ತಿ ಇರುವವರ ಮೈಯಲ್ಲಿ, ತೂಕಕ್ಕೆ ಹೋಲಿಸಿದರೆ ನೀರು ಕಡಿಮೆ. ಇರುವ ನೀರಿನಲ್ಲೂ ಎರಡು ಜಾಗ. ಸುಮಾರು ಮೂರರಲ್ಲಿ ಎರಡು ಪಾಲು ಜೀವಕೋಶದ ಒಳಗೆ, ಒಂದು ಪಾಲು ಹೊರಗೆ. ಒಳಗಿನ ನೀರನ್ನು ಹಿಡಿದುಕೊಳ್ಳುವುದು ಮುಖ್ಯವಾಗಿ ಪೊಟ್ಯಾಸಿಯಂ, ಹೊರಗಿನದನ್ನು ಹಿಡಿದುಕೊಳ್ಳುವುದು ಸೋಡಿಯಂ, ಅಂದರೆ ನಮ್ಮ ಉಪ್ಪು.

ವಯಸ್ಸಾಗುತ್ತಾ, ಬೊಜ್ಜೂ ಸೇರಿದಾಗ, ಒಳಗಿನ ಪಾಲು ಕಡಿಮೆಯಾಗಿ ಹೊರಗಿನ ಪಾಲು ಜಾಸ್ತಿಯಾಗುತ್ತದೆ. ಕೊಬ್ಬು ಚರ್ಮದ ಕೆಳಗೆ ಮಾತ್ರ ಕೂರುವುದಿಲ್ಲ, ಮಾಂಸಖಂಡದ ಎಳೆಗಳ ನಡುವೆಯೂ ನುಗ್ಗುತ್ತದೆ. ಕುರಿ ಮಾಂಸ ಹೆಚ್ಚುವಾಗ ಕೆಂಪು ಮಾಂಸದ ನಡುವೆ ಬಿಳಿ ಗೆರೆ ಗೆರೆಯಾಗಿ ಕಾಣುತ್ತದಲ್ವಾ, ಹಾಗೆಯೇ. ಹೊರಗಿನಿಂದ ತೊಡೆ ದಪ್ಪಗೇ ಇರುತ್ತದೆ, ಎತ್ತುವ ಶಕ್ತಿ ಇರುವುದಿಲ್ಲ. ಒಂದೇ ಅಳತೆಯ ಮಾಂಸ ಎಷ್ಟು ಬಲ ಕೊಡುತ್ತದೆ ಅನ್ನುವುದನ್ನೇ ಸ್ನಾಯುವಿನ ಗುಣಮಟ್ಟ ಅನ್ನುತ್ತಾರೆ. ಗಾತ್ರ ನೋಡಿ ಮೋಸ ಹೋಗಬೇಡಿ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನಿಸಿತು. ಜೀವಕೋಶ ನೀರು ತುಂಬಿ ಬಿಗಿಯಾಗಿದ್ದರೆ ಅದು ಪ್ರೋಟೀನ್ ಕಟ್ಟುವ ಕೆಲಸಕ್ಕೆ ಹೊರಳುತ್ತದೆ, ಸೊರಗಿದರೆ ಇರುವ ಪ್ರೋಟೀನನ್ನೇ ಒಡೆಯುವ ಕಡೆ ಹೊರಳುತ್ತದೆ. ಅಂದರೆ ನೀರು ಅಲ್ಲಿ ಸುಮ್ನೆ ತುಂಬಿಕೊಂಡಿರುವುದಿಲ್ಲ.

ಹಾಗಂತ ಚೊಂಬುಗಟ್ಟಲೆ ಕುಡಿದರೆ ಅದು ತಾನಾಗಿ ಸ್ನಾಯುವಿಗೆ ಹೋಗುವುದಿಲ್ಲ. ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಎಷ್ಟು ಹೊಯ್ದರೂ ಏಪ್ರಿಲ್ ಬರುವಾಗ ಬಾವಿಯ ತಳ ಕಾಣುತ್ತದೆ. ಬಿದ್ದ ನೀರು ಇಂಗದಿದ್ದರೆ ಹೊಳೆ ಸೇರಿ ಹೋಗುತ್ತದೆ. ಮೈಯಲ್ಲೂ ಹಾಗೇ. ನೀರು ಇಂಗಬೇಕಾದರೆ ಅದನ್ನು ಹಿಡಿಯುವ ಮಾಂಸ ಬೇಕು. ಮಾಂಸ ಬೇಕಾದರೆ ಕೆಲಸ ಕೊಡಬೇಕು, ಪ್ರೋಟೀನ್ ಕೊಡಬೇಕು.

ಮೊದಲು ಮನೆಯಲ್ಲೇ ಅಳೆಯಿರಿ

ಕೈ ಇಲ್ಲದ ಒಂದು ಕುರ್ಚಿ ಗೋಡೆಗೆ ತಾಗಿಸಿ ಇಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು, ಪೂರ್ತಿ ಎದ್ದು ಪೂರ್ತಿ ಕೂರುವುದು, ಐದು ಸಲ, ಆದಷ್ಟು ಬೇಗ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ. ಪಕ್ಕದಲ್ಲಿ ಒಬ್ಬರು ನಿಂತಿರಿ. ಏಷ್ಯಾದ ವೈದ್ಯರ ತಂಡವೊಂದು 2019ರಲ್ಲಿ ಕೊಟ್ಟ ಅಳತೆ ಪ್ರಕಾರ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಗ್ಗಿದೆ ಅಂತ ಲೆಕ್ಕ. ಅಮ್ಮನಿಗೆ ಮೊದಲ ದಿನ ಕೈ ಕಟ್ಟಿಕೊಂಡು ಎರಡೇ ಸಲ ಏಳಲು ಆಯಿತು. ಎಷ್ಟು ಆಯಿತೋ ಅಷ್ಟನ್ನೇ ಬರೆದಿಡಿ, ಬೇಜಾರು ಮಾಡಿಕೊಳ್ಳಬೇಡಿ.

ಫಿಸಿಯೋಥೆರಪಿಯವರ ಹತ್ತಿರ ಕೈ ಹಿಡಿತ ಅಳೆಯುವ ಸಾಧನ ಇರುತ್ತದೆ. ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿಗಿಂತ ಕಡಿಮೆ ಬಂದರೆ ಅದೂ ಬಲ ಕಡಿಮೆ ಅನ್ನುವುದರ ಗುರುತು. ಮೀನಖಂಡದ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯುವ ಪದ್ಧತಿಯೂ ಇದೆ. ಆದರೆ ಬೊಜ್ಜಿರುವವರಿಗೆ, ಕಾಲು ಊದಿಕೊಳ್ಳುವವರಿಗೆ ಅದನ್ನು ನಂಬಬೇಡಿ. ಒಳಗೆ ಮಾಂಸ ಕರಗಿದ್ದರೂ ಕೊಬ್ಬು ಮತ್ತು ಊತ ಸೇರಿ ಟೇಪು ಚೆನ್ನಾಗಿದೆ ಅಂತಲೇ ತೋರಿಸುತ್ತದೆ.

ಊತ ನೋಡುವುದು ಹೀಗೆ. ಸಂಜೆ ಹೊತ್ತು ಕಾಲಿನ ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳನ್ನು ಹತ್ತು ಸೆಕೆಂಡ್ ಒತ್ತಿ ತೆಗೆಯಿರಿ. ಗುಳಿ ಹಾಗೇ ಉಳಿದರೆ ಅಲ್ಲಿ ನೀರು ಕೋಶದ ಹೊರಗೆ ನಿಂತಿದೆ. ಬಹಳ ಮಂದಿ ಇದನ್ನು ನೋಡಿ "ಮೈಯಲ್ಲಿ ನೀರು ಜಾಸ್ತಿಯಾಗಿದೆ, ಕುಡಿಯುವುದು ಕಡಿಮೆ ಮಾಡಿ" ಅಂತ ತಾವೇ ತೀರ್ಮಾನ ಮಾಡುತ್ತಾರೆ. ಹಾಗೆ ಮಾಡಬೇಡಿ, ಜಾಸ್ತಿಯೂ ಕುಡಿಸಬೇಡಿ, ಡಾಕ್ಟರಿಗೆ ತೋರಿಸಿ. ಹೃದಯ, ಕಿಡ್ನಿ, ಲಿವರ್, ಕಾಲಿನ ರಕ್ತನಾಳ, ಕೆಲವು ಬಿಪಿ ಮಾತ್ರೆ, ಯಾವುದರಿಂದಲೂ ಊತ ಬರಬಹುದು.

ಇವರು ಕೇಳದೆ ಶುರು ಮಾಡಬಾರದು

ಹೃದಯ ದುರ್ಬಲ ಇರುವವರು, ಕಿಡ್ನಿ ತೊಂದರೆ ಇರುವವರು, ನೀರು ಹೋಗುವ ಮಾತ್ರೆ ತಗೊಳ್ಳುವವರು. ಇವರಿಗೆ ಎಷ್ಟು ನೀರು, ಎಷ್ಟು ಪ್ರೋಟೀನ್ ಅಂತ ಡಾಕ್ಟರೇ ಹೇಳಬೇಕು. ಕಿಡ್ನಿ ಸರಿಯಿಲ್ಲದವರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ಎಳನೀರು, ಬಾಳೆಹಣ್ಣು ಸಹ ಜಾಸ್ತಿಯಾದರೆ ಅಪಾಯ, ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತ ಕೆಡುತ್ತದೆ. ಉಪ್ಪಿನ ಬದಲು ಬಳಸುವ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ, ಅದೂ ನೆನಪಿರಲಿ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಶುಗರ್ ಮಾತ್ರೆಗಳಿವೆ, ಅವನ್ನು ತಗೊಂಡರೆ ಮೂತ್ರ ಜಾಸ್ತಿ ಹೋಗುತ್ತದೆ, ಮೈ ಒಣಗಬಹುದು. ತೂಕ ಇಳಿಸುವ ಇಂಜೆಕ್ಷನ್ ತಗೊಳ್ಳುವವರಿಗೆ ಹಸಿವು ಇಂಗಿ ಹೋಗಿರುತ್ತದೆ, ಊಟದ ಜೊತೆ ನೀರೂ ಕಡಿಮೆಯಾಗುತ್ತದೆ, ಮಾಂಸ ಕರಗುವ ಭಯ ಅವರಿಗೆ ಇನ್ನೂ ಜಾಸ್ತಿ.

ನೀರು

ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ಕಿಡ್ನಿಗೂ ನೀರು ಉಳಿಸುವ ಶಕ್ತಿ ಮೊದಲಿನಷ್ಟು ಇರುವುದಿಲ್ಲ. ಅದರ ಮೇಲೆ ನಮ್ಮ ಮಳೆಗಾಲ. ಹೊರಗೆ ಧೋ ಅಂತ ಸುರಿಯುವಾಗ, ಒಲೆ ಮುಂದೆ ಕೂತು ಮೈ ಕಾಯಿಸಿಕೊಳ್ಳುವವಳಿಗೆ ನೀರು ಕುಡಿ ಅಂದರೆ, "ಎಂತಕೆ ಮಾರಾಯ್ತಿ, ಈ ಚಳಿಯಲ್ಲಿ ಯಾರಿಗೆ ಬಾಯಾರಿಕೆ ಆಗ್ತದೆ?" ಅನ್ನುತ್ತಿದ್ದಳು. ನಿಜವಾದ ಕಾರಣ ಆಮೇಲೆ ಗೊತ್ತಾಯಿತು. ಬಚ್ಚಲು, ಪಾಯಿಖಾನೆ ಮನೆಯ ಹಿಂದೆ. ರಾತ್ರಿ ಮಳೆಯಲ್ಲಿ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಹೋಗಬೇಕಲ್ಲ ಅಂತ ಸಂಜೆ ನಾಲ್ಕರಿಂದಲೇ ನೀರು ಬಿಡುತ್ತಿದ್ದಳು. ಮಲೆನಾಡಿನ ಎಷ್ಟೋ ಹೆಂಗಸರು ಹೀಗೇ ಇದ್ದಾರೆ, ಬಾಯಿ ಬಿಟ್ಟು ಹೇಳುವುದಿಲ್ಲ. ನಾವು ದಾರಿಗೆ ಒಂದು ಲೈಟು ಹಾಕಿಸಿ, ಹಿಡಿಯಲು ಕಬ್ಬಿಣದ ಪೈಪು ಕೂರಿಸಿದ್ದು ಯಾವ ಟಾನಿಕ್‌ಗಿಂತಲೂ ಜಾಸ್ತಿ ಕೆಲಸ ಮಾಡಿತು. ನೀವೂ ಮೊದಲು ಇದನ್ನೇ ಕೇಳಿ.

ಎಷ್ಟು ಕುಡಿಯಬೇಕು? ಯುರೋಪಿನ ಪೌಷ್ಟಿಕ ತಜ್ಞರ ಸಂಘ ಎಸ್ಪೆನ್ ವಯಸ್ಸಾದ ಹೆಂಗಸರಿಗೆ ದಿನಕ್ಕೆ ಕನಿಷ್ಠ 1.6 ಲೀಟರ್, ಗಂಡಸರಿಗೆ 2 ಲೀಟರ್ ಪಾನೀಯ ಹೇಳುತ್ತದೆ, ಬೇರೆ ಕಾಯಿಲೆ ಇಲ್ಲದಿದ್ದರೆ. ಬೇಸಿಗೆಯಲ್ಲಿ ಬೆವರಿದಷ್ಟೂ ಜಾಸ್ತಿ. ಇದರಲ್ಲಿ ಕಾಫಿ, ಟೀ, ಮಜ್ಜಿಗೆ, ಕಷಾಯ ಎಲ್ಲ ಸೇರುತ್ತದೆ. ಕಾಫಿ ಕುಡಿದರೆ ಕುಡಿದ ನೀರೆಲ್ಲ ಹೊರಗೆ ಹೋಗುತ್ತದೆ ಅನ್ನುವುದು ಸರಿಯಲ್ಲ. ತೊಂದರೆ ಇರುವುದು ಅದರ ಸಕ್ಕರೆಯಲ್ಲಿ.

ನಾವು ಮಾಡಿದ್ದು ಇಷ್ಟು. ಬೆಳಗ್ಗೆ ಎರಡು ಚೊಂಬು ಬಿಸಿನೀರು ಮುಚ್ಚಿ ಜಗಲಿ ಮೇಲೆ ಇಡುವುದು, ಸಂಜೆ ಆರರೊಳಗೆ ಖಾಲಿಯಾಗಬೇಕು. ನಿಮ್ಮ ಚೊಂಬು ಎಷ್ಟು ಹಿಡಿಯುತ್ತದೆ ಅಂತ ಒಮ್ಮೆ ಅಳೆದು ನೋಡಿ, ನಮ್ಮದು ಅರ್ಧ ಲೀಟರ್‌ನದು. ಉಳಿದದ್ದು ಎರಡು ಕಾಫಿ, ಮಧ್ಯಾಹ್ನ ಒಂದು ದೊಡ್ಡ ಲೋಟ ತೆಳು ಮಜ್ಜಿಗೆ, ಬೇಸಿಗೆಯಲ್ಲಿ ಸಕ್ಕರೆ ಹಾಕದ ಮುರುಗಲು ನೀರು. ಊಟದಲ್ಲಿ ಹುರುಳಿ ಸಾರು, ಒಂದೆಲಗದ ತಂಬುಳಿ ಇದ್ದರೆ ಅದೂ ನೀರೇ. ಒಮ್ಮೆಗೇ ಒಂದು ಲೀಟರ್ ಕುಡಿಸಬೇಡಿ. ತುಂಬಾ ನೀರು ಕುಡಿದು ರಕ್ತದಲ್ಲಿ ಸೋಡಿಯಂ ಇಳಿದು ತಲೆ ಮಂಕಾಗುವುದು ವಯಸ್ಸಾದವರಲ್ಲಿ ಬೇಗ ಆಗುತ್ತದೆ, ನೀರು ಹೋಗುವ ಮಾತ್ರೆ ತಗೊಳ್ಳುವವರಲ್ಲಿ ಇನ್ನೂ ಬೇಗ.

ರಾತ್ರಿ ಪದೇ ಪದೇ ಏಳುವ ತೊಂದರೆ ಇದ್ದರೆ, ಸಂಜೆಗೆ ಕಾಲು ಊದಿರುತ್ತದಾ ನೋಡಿ. ಮಲಗಿದಾಗ ಆ ನೀರೇ ರಕ್ತಕ್ಕೆ ವಾಪಸ್ ಬಂದು ಮೂತ್ರವಾಗುತ್ತದೆ. ಮಧ್ಯಾಹ್ನ ಒಂದು ಗಂಟೆ ಹೊತ್ತು ಕಾಲು ಎತ್ತರಕ್ಕಿಟ್ಟು ಮಲಗಿದರೆ ರಾತ್ರಿ ಏಳುವುದು ಕಡಿಮೆಯಾಗಬಹುದು.

ಮೂತ್ರದ ಬಣ್ಣ ನೋಡಿ ನೀರು ಸಾಕೋ ಸಾಲದೋ ಹೇಳುವ ಲೆಕ್ಕ ಹುಡುಗರಿಗೆ ಸರಿ, ವಯಸ್ಸಾದವರಿಗೆ ಅದನ್ನು ನಂಬುವ ಹಾಗಿಲ್ಲ. ಚರ್ಮ ಹಿಡಿದೆಳೆದು ನೋಡುವುದೂ ಅಷ್ಟೇ. ಚೊಂಬಿನ ಲೆಕ್ಕವೇ ಮೇಲು. ಅನುಮಾನ ಬಂದರೆ ರಕ್ತ ಪರೀಕ್ಷೆಯಲ್ಲಿ ಸರಿಯಾಗಿ ಗೊತ್ತಾಗುತ್ತದೆ.

ಉಪ್ಪಿನ ಬಗ್ಗೆ ಒಂದೇ ಮಾತು. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚ. ನಮ್ಮ ಮನೆಯಲ್ಲಿ ಅಪ್ಪೆಮಿಡಿ ಜಾಡಿ ಖಾಲಿಯಾಗುವ ವೇಗ ನೋಡಿದರೆ ಅದು ಎಲ್ಲಿ ದಾಟುತ್ತದೆ ಅಂತ ಗೊತ್ತಾಯಿತು. ಉಪ್ಪಿನಕಾಯಿ ಬಿಡಿಸಲಿಲ್ಲ, ಹೊತ್ತಿಗೆ ಅರ್ಧ ಮಿಡಿ, ಅದೂ ಮಧ್ಯಾಹ್ನ ಮಾತ್ರ ಅಂತ ಮಾಡಿದೆವು.

ಬೆಳಗಿನ ತಿಂಡಿ ಸರಿ ಮಾಡಿ

ಭಾರತೀಯರಿಗೆ ಐಸಿಎಂಆರ್, ಅಂದರೆ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಹೇಳುವ ಪ್ರೋಟೀನ್ ದಿನಕ್ಕೆ ಮೈತೂಕದ ಒಂದೊಂದು ಕೆಜಿಗೆ 0.83 ಗ್ರಾಂ. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಅಂತ ವೃದ್ಧರ ಪೋಷಣೆ ನೋಡುವ ತಜ್ಞರು ಹೇಳುತ್ತಾರೆ. ಬೊಜ್ಜಿರುವವರಿಗೆ ಇರುವ ಪೂರ್ತಿ ತೂಕಕ್ಕೆ ಗುಣಿಸಿದರೆ ಲೆಕ್ಕ ಜಾಸ್ತಿಯಾಗಬಹುದು, ಡಯಟಿಷಿಯನ್ ಒಬ್ಬರನ್ನು ಕೇಳಿ. ಅಮ್ಮನಿಗೆ 65 ಗ್ರಾಂ ಅಂತ ಇಟ್ಟುಕೊಂಡೆವು.

ನಮ್ಮ ಕಡೆಯ ಊಟದಲ್ಲಿ ತೊಂದರೆ ಎಲ್ಲಿದೆ ಅಂದರೆ ಬೆಳಗ್ಗೆ. ಕಡುಬು ಚಟ್ನಿ, ಅಕ್ಕಿ ರೊಟ್ಟಿ, ಗಂಜಿ, ಎಲ್ಲ ಅಕ್ಕಿಯೇ. ರಾತ್ರಿಯೆಲ್ಲ ಉಪವಾಸ ಇದ್ದ ಸ್ನಾಯುವಿಗೆ ಬೆಳಗ್ಗೆಯೂ ಏನೂ ಸಿಗುವುದಿಲ್ಲ. ದಿನದ ಪ್ರೋಟೀನನ್ನು ಮೂರು ಹೊತ್ತಿಗೂ ಹಂಚಬೇಕು, ಹೊತ್ತಿಗೆ ಇಪ್ಪತ್ತು ಗ್ರಾಂ ಆಸುಪಾಸು. ಅಮ್ಮನ ತಿಂಡಿ ಈಗ ಎರಡರ ಬದಲು ಒಂದು ಅಕ್ಕಿ ರೊಟ್ಟಿ, ಜೊತೆಗೆ ಎರಡು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು. ಮೊಟ್ಟೆ ಒಂದರಲ್ಲಿ 6 ಗ್ರಾಂ, 200 ಎಂಎಲ್ ಹಾಲಿನಲ್ಲಿ 6ರಿಂದ 7. ಮೊಟ್ಟೆ ತಿನ್ನದವರು ಮೊಳಕೆ ಹೆಸರುಕಾಳಿನ ಉಸಲಿ ಮಾಡಿಕೊಳ್ಳಿ, 30 ಗ್ರಾಂ ಒಣ ಕಾಳಿಗೆ 7 ಗ್ರಾಂ ಸಿಗುತ್ತದೆ, ಹುರುಳಿಯಲ್ಲೂ ಹೆಚ್ಚು ಕಡಿಮೆ ಅಷ್ಟೇ. ಸೋಯಾ ಚಂಕ್ಸ್ 30 ಗ್ರಾಂನಲ್ಲಿ 15 ಗ್ರಾಂ. ಸಾರಿನ ನೀರು ಬಡಿಸಿಕೊಂಡು ಕಾಳು ಬಿಟ್ಟರೆ ಏನೂ ಬರುವುದಿಲ್ಲ, ಕಾಳು ತಿನ್ನಬೇಕು. ಕೋಳಿ ಸಾರಿನಲ್ಲೂ ಹಾಗೇ, ಅಮ್ಮ ಯಾವಾಗಲೂ ತುಂಡೆಲ್ಲ ನಮಗೆ ಹಾಕಿ ತಾನು ರಸದಲ್ಲಿ ಕಡುಬು ಅದ್ದಿ ತಿನ್ನುವವಳು. ಈಗ ಅವಳ ತಟ್ಟೆಗೆ ಮೊದಲು ಬಡಿಸುತ್ತೇವೆ. ಬೇಯಿಸಿದ ಕೋಳಿ 100 ಗ್ರಾಂನಲ್ಲಿ 25 ಗ್ರಾಂ ಹತ್ತಿರ ಇರುತ್ತದೆ, ಮೀನಿನಲ್ಲಿ 20.

ತೂಕ ಇಳಿಸಲೇಬೇಕಾದರೆ ಅನ್ನ, ಸಕ್ಕರೆ, ಕರಿದದ್ದು ಕಡಿಮೆ ಮಾಡಿ. ಕಾಳು, ಮೊಟ್ಟೆ, ಹಾಲಿಗೆ ಕೈ ಹಾಕಬೇಡಿ. ವಾರಕ್ಕೆ ಅರ್ಧ ಕೆಜಿಗಿಂತ ಜಾಸ್ತಿ ಇಳಿಯುವುದು ಬೇಡ.

ಎದ್ದು ಕೂರುವುದು

ಎಲ್ಲಕ್ಕಿಂತ ಮುಖ್ಯ ಇದು. ಬಲದ ವ್ಯಾಯಾಮ ಮಾಡಿದ ವಯಸ್ಸಾದ ಹೆಂಗಸರಲ್ಲಿ ಕೋಶದೊಳಗಿನ ನೀರು ಜಾಸ್ತಿಯಾಗುವುದನ್ನು ಅಳೆದು ನೋಡಿದ್ದಾರೆ. ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 90ರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ತೊಡೆಗೆ ತೂಕದ ವ್ಯಾಯಾಮ ಮಾಡಿಸಿದರು, ಪೂರ್ತಿ ಮುಗಿಸಿದವರ ಬಲ ಸರಾಸರಿ ನೂರಕ್ಕೆ 174ರಷ್ಟು ಏರಿತು. ಹಾಗಾಗಿ "ಈ ವಯಸ್ಸಲ್ಲಿ ಇನ್ನೆಂತ" ಅನ್ನುವ ಮಾತಿಗೆ ಅರ್ಥವಿಲ್ಲ.

ಜಿಮ್ ಬೇಡ. ಜಗಲಿಯ ಅಂಚು ಸಾಕು. ಮಂಡಿ ನೋವಿದ್ದರೆ ಎತ್ತರದ ಜಾಗದಿಂದ ಶುರು ಮಾಡಿ. ನಾವು ಕುರ್ಚಿ ಮೇಲೆ ಎರಡು ಗಟ್ಟಿ ದಿಂಬು ಇಟ್ಟು ಶುರು ಮಾಡಿದೆವು. ಪಾದ ಸ್ವಲ್ಪ ಹಿಂದಕ್ಕೆ, ಎದೆ ಮುಂದಕ್ಕೆ ಬಾಗಿಸಿ, ಉಸಿರು ಬಿಡುತ್ತಾ ಏಳಬೇಕು. ಉಸಿರು ಕಟ್ಟಿದರೆ ಬಿಪಿ ಏರುತ್ತದೆ. ಕೂರುವಾಗ ಧೊಪ್ಪನೆ ಬೀಳಬಾರದು, ಒಂದು, ಎರಡು, ಮೂರು ಅಂತ ಎಣಿಸಿ ಇಳಿಯಬೇಕು. ಆ ಇಳಿಯುವ ಮೂರು ಸೆಕೆಂಡಲ್ಲೇ ಅರ್ಧ ಕೆಲಸ ಇದೆ. ಎಂಟು ಸಲ ಮಾಡಿ ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಎಂಟು. ಕೊನೆಯ ಎರಡು ಸಲ ಕಷ್ಟ ಅನಿಸಬೇಕು, ಇಲ್ಲದಿದ್ದರೆ ಸುಲಭವಾಯಿತು ಅಂತ ಅರ್ಥ. ಆಗ ಒಂದು ದಿಂಬು ತೆಗೆಯಿರಿ. ಎರಡೂ ತೆಗೆದ ಮೇಲೆ ಎದೆಗೆ ಒಂದು ಲೀಟರ್ ನೀರಿನ ಬಾಟಲಿ ಅಪ್ಪಿಕೊಂಡು ಮಾಡಿ. ವಾರಕ್ಕೆ ಎರಡು ದಿನ ಕನಿಷ್ಠ, ಮೂರಾದರೆ ಒಳ್ಳೆಯದು, ನಡುವೆ ಒಂದು ದಿನ ಬಿಡುವು.

ಇದರ ಜೊತೆ ಕಂಬ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ಜಗಲಿಯ ಒಂದು ಮೆಟ್ಟಿಲು ಹತ್ತಿ ಇಳಿಯುವುದು. ಅಷ್ಟೇ. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ. ಮಾರನೇ ದಿನ ತೊಡೆ ಸ್ವಲ್ಪ ಹಿಡಿದುಕೊಂಡ ಹಾಗಿದ್ದರೆ ಪರವಾಗಿಲ್ಲ, ಮಂಡಿ ಊದಿದರೆ ಸರಿಯಲ್ಲ.

ಶಿವಮೊಗ್ಗದಲ್ಲಿರುವವರು ಗಾಂಧಿ ಪಾರ್ಕಲ್ಲೋ ನೆಹರೂ ಸ್ಟೇಡಿಯಮ್ಮಲ್ಲೋ ವಾಕಿಂಗ್ ಹೋಗುತ್ತಾರೆ, ಒಳ್ಳೆಯದೇ. ಹೃದಯಕ್ಕೆ, ಶುಗರ್‌ಗೆ ನಡಿಗೆ ಬೇಕೇ ಬೇಕು. ಆದರೆ ಬರೀ ನಡೆದರೆ ತೊಡೆಗೆ ಬೇಕಾದಷ್ಟು ಬಲ ಬರುವುದಿಲ್ಲ, ಬೆಂಚಿನ ಮೇಲೆ ಕೂತು ಮಾತಾಡುವಾಗ ಹತ್ತು ಸಲ ಎದ್ದು ಕೂತು ಬನ್ನಿ. ಹಳ್ಳಿಯವರು ಮಳೆಗಾಲದಲ್ಲಿ ಅಂಗಳದಲ್ಲಿ ನಡೆಯಬೇಡಿ, ಪಾಚಿಯಲ್ಲಿ ಜಾರಿ ಸೊಂಟ ಮುರಿದರೆ ಎಲ್ಲ ಮುಗಿಯಿತು. ಅಡಿಕೆ ಸುಲಿಯುವವರು ಅರ್ಧ ಗಂಟೆಗೊಮ್ಮೆ ಎದ್ದೇಳಿ. ನಾವು ಅಮ್ಮನ ಹತ್ತಿರ ಸಣ್ಣ ಬುಟ್ಟಿ ಇಟ್ಟೆವು, ತುಂಬಿದಾಗೆಲ್ಲ ಅವಳೇ ಎದ್ದು ಹೋಗಿ ಸುರಿದು ಬರಬೇಕು ಅಂತ.

ಮೆಷಿನ್ನಿನ ಚೀಟಿ

ಈಗ ಕೆಲವು ಕ್ಲಿನಿಕ್, ಜಿಮ್‌ಗಳಲ್ಲಿ ಬರಿಗಾಲಲ್ಲಿ ನಿಂತರೆ ಮೈಯ ನೀರು, ಕೊಬ್ಬು ತೋರಿಸುವ ಮೆಷಿನ್ ಇದೆ. ಸಣ್ಣ ಕರೆಂಟು ಹರಿಸಿ ಅಳೆಯುತ್ತದೆ, ಏನೂ ಗೊತ್ತಾಗುವುದಿಲ್ಲ. ಪೇಸ್‌ಮೇಕರ್ ಇದ್ದವರು ಮಾತ್ರ ಹತ್ತಬಾರದು. ಚೀಟಿಯಲ್ಲಿ ಎರಡು ಸಂಖ್ಯೆ ನೋಡಿ. ಒಟ್ಟು ನೀರಿನಲ್ಲಿ ಕೋಶದ ಹೊರಗಿನ ಪಾಲು ಎಷ್ಟು ಅನ್ನುವುದು ಒಂದು, ಸಾಮಾನ್ಯವಾಗಿ 0.38ರ ಹತ್ತಿರ ಇರುತ್ತದೆ, ಏರುತ್ತಾ ಹೋದರೆ ಒಳ್ಳೆಯದಲ್ಲ. ಇನ್ನೊಂದು ಫೇಸ್ ಆ್ಯಂಗಲ್, ಕೋಶದ ಪೊರೆ ಎಷ್ಟು ಗಟ್ಟಿಯಾಗಿದೆ ಅನ್ನುವುದರ ಅಂದಾಜು, ಇದು ಏರಬೇಕು. ಬೊಜ್ಜು ತುಂಬಾ ಇರುವವರಲ್ಲಿ ಈ ಮೆಷಿನ್ ಸ್ನಾಯುವಿನ ಅಳತೆ ತಪ್ಪು ತೋರಿಸಬಹುದು. ಆದ್ದರಿಂದ ಪಕ್ಕದ ಮನೆಯವರ ಚೀಟಿ ಜೊತೆ ಹೋಲಿಸಬೇಡಿ, ಮೂರು ತಿಂಗಳ ಹಿಂದಿನ ನಿಮ್ಮದರ ಜೊತೆ ಹೋಲಿಸಿ. ಪ್ರತಿ ಸಲವೂ ಅದೇ ಮೆಷಿನ್, ಬೆಳಗ್ಗೆ, ಖಾಲಿ ಹೊಟ್ಟೆ, ಮೂತ್ರಕ್ಕೆ ಹೋಗಿ ಬಂದು. ದುಡ್ಡಿಲ್ಲದಿದ್ದರೆ ಬಿಡಿ, ಕುರ್ಚಿ ಸಾಕು.

ನಾವು ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಲ್ಲೇ ತಿಂಗಳ ಮೊದಲ ಭಾನುವಾರ ಸೆಕೆಂಡ್ ಬರೆಯುತ್ತೇವೆ. ಜನವರಿಯಲ್ಲಿ 24, ಅದೂ ದಿಂಬಿನ ಮೇಲಿಂದ. ಮಾರ್ಚಿನಲ್ಲಿ ದಿಂಬಿಲ್ಲದೆ 21. ಜುಲೈನಲ್ಲಿ ಜ್ವರ ಬಂದು ಎರಡು ವಾರ ಮಲಗಿದಳು, ಮತ್ತೆ 20ಕ್ಕೆ ಹೋಯಿತು. ಈ ತಿಂಗಳು 13. ತೂಕ 75, ಹೆಚ್ಚೇನೂ ಇಳಿದಿಲ್ಲ. ನಿನ್ನೆ ಅಡಿಕೆ ಸುಲಿಯುತ್ತಿದ್ದವಳು ಬುಟ್ಟಿ ಎತ್ತಿಕೊಂಡು ಎದ್ದು ಅಟ್ಟಣಿಗೆ ಕಡೆ ಹೋದಳು. ಕಂಬ ಅಲ್ಲೇ ಪಕ್ಕದಲ್ಲಿತ್ತು, ಮುಟ್ಟಲಿಲ್ಲ.